ಅಣ್ಣ ಹೊತ್ತ ಹೊಣೆ

ಅಟ್ಟೂರಿನ ನಮ್ಮ ಬೀದಿಯ ಮಕ್ಕಳು ಬಿಡದಿಯ ವಂಡರ್‌ಲಾಗೆ ಹೊರಟಾಗಲೆಲ್ಲ ನನಗೆ ರಾಯ್ ಡಿಸ್ನಿ ನೆನಪಾಗುತ್ತಾರೆ. 1893ರಲ್ಲಿ ಜನಿಸಿದ ಅವರು ಕಿರಿಯ ಸೋದರ ವಾಲ್ಟ್ ಅವರೊಡನೆ 1923ರಲ್ಲಿ ಕಾರ್ಟೂನ್ ಸಂಸ್ಥೆ ಕಟ್ಟಿದರು. ಕನಸು ತಮ್ಮನದು, ಹಣಕಾಸಿನ ಹೊಣೆ ಅಣ್ಣನದು. 1955ರಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಫ್ಲಾರಿಡಾದಲ್ಲಿ ಅದಕ್ಕೂ ದೊಡ್ಡ ಉದ್ಯಾನದ ಯೋಜನೆ ಸಿದ್ಧವಾಗುತ್ತಿರುವಾಗಲೇ, 1966ರ ಡಿಸೆಂಬರ್‌ನಲ್ಲಿ ವಾಲ್ಟ್ ತೀರಿಕೊಂಡರು. 73ರ ರಾಯ್ ನಿವೃತ್ತಿಯ ಯೋಚನೆಯನ್ನು ಬದಿಗಿಟ್ಟು ಚುಕ್ಕಾಣಿ ಹಿಡಿದರು. 1971ರ ಅಕ್ಟೋಬರ್ 1ರಂದು ಉದ್ಯಾನ ಆರಂಭವಾಯಿತು. ಅದಕ್ಕೆ ತಮ್ಮನ ಪೂರ್ಣ ಹೆಸರನ್ನೇ ಇಟ್ಟಿದ್ದರು. ಅದೇ ಡಿಸೆಂಬರ್ 20ರಂದು ಅವರೂ ಕಣ್ಮುಚ್ಚಿದರು. 2020ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರಾದ ಬಾಬ್ ಚಾಪೆಕ್ 2022ರಲ್ಲೇ ಹುದ್ದೆ ಕಳೆದುಕೊಂಡರು. ಹಿಂದಿನ ಮುಖ್ಯಸ್ಥ ಬಾಬ್ ಐಗರ್ ಮರಳಬೇಕಾಯಿತು. ಕಟ್ಟಿದವರಷ್ಟೇ ಮುಂದುವರಿಸುವವರೂ ಮುಖ್ಯರೆಂಬುದನ್ನು ನಮ್ಮ ಉದ್ಯಮಗಳೂ ಮರೆಯಬಾರದು.