ಆಪ್‌ಗಳನ್ನೆಲ್ಲ ಮುಚ್ಚಿದರೆ ಫೋನ್ ಫಾಸ್ಟ್ ಆಗುತ್ತಾ? ಜಿಮ್ ಗ್ರೇ ಮತ್ತು ಐದು ನಿಮಿಷದ ಲೆಕ್ಕ

ಬೋಗಾದಿಯ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಫಾರ್ವರ್ಡ್ ಬರುತ್ತದೆ: ಗಂಟೆಗೊಮ್ಮೆ ಎಲ್ಲ ಆಪ್ ಮುಚ್ಚಿ, ರ‍್ಯಾಮ್ ಖಾಲಿ ಇಡಿ, ಫೋನ್ ಹೊಸದರಂತೆ ಓಡುತ್ತದೆ. ಕೆಳಗೆ ಒಂದು ‘ಕ್ಲೀನರ್’ ಆಪ್‌ನ ಲಿಂಕ್. ಕೇಳಲು ಸರಿ ಎನಿಸುವ ಈ ಸಲಹೆ ಬಹುಮಟ್ಟಿಗೆ ತಪ್ಪು. ಯಾಕೆ ಎಂದು ತಿಳಿಯಲು ಒಬ್ಬ ಕಂಪ್ಯೂಟರ್ ವಿಜ್ಞಾನಿಯ ಬದುಕನ್ನು ನೋಡೋಣ.

ಯಾರು ಈ ಜಿಮ್ ಗ್ರೇ?

1944ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಗ್ರೇ, 1969ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿದರು. ಐಬಿಎಂ, ಟ್ಯಾಂಡಮ್, ಡಿಇಸಿ, ಮೈಕ್ರೋಸಾಫ್ಟ್ ಕಂಪನಿಗಳಲ್ಲಿ ದುಡಿದರು. ಅವರ ಕ್ಷೇತ್ರ ಡೇಟಾಬೇಸ್, ಅಂದರೆ ಮಾಹಿತಿಯನ್ನು ಬೇಕಾದಾಗ ಸಿಗುವಂತೆ ಜೋಡಿಸಿಡುವ ವ್ಯವಸ್ಥೆ. ನಿಮ್ಮ ಖಾತೆಯಿಂದ ಹಣ ಕಡಿತವಾಗಬೇಕು, ಅಂಗಡಿಯವರ ಖಾತೆಗೆ ಸೇರಬೇಕು; ಆದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಕರೆಂಟ್ ಹೋದರೂ ಕಂಪ್ಯೂಟರ್ ಈ ನಿಯಮ ಪಾಲಿಸುವಂತೆ ಮಾಡುವುದರಲ್ಲಿ ಅವರ ಪಾಲು ದೊಡ್ಡದು. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಐದು ನಿಮಿಷದ ನಿಯಮ

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲಿರುತ್ತದೆ. ದಸರಾ ಗೊಂಬೆಗಳ ಪೆಟ್ಟಿಗೆ ಅಟ್ಟದ ಮೇಲಿರುತ್ತದೆ. ಯಾವುದು ಎಷ್ಟು ಬೇಗ ಮತ್ತೆ ಬೇಕಾಗುತ್ತದೆ ಎಂಬುದರ ಮೇಲೆ ಅದರ ಜಾಗ.

ಕಂಪ್ಯೂಟರಿನಲ್ಲಿ ರ‍್ಯಾಮ್ ಒಲೆಯ ಪಕ್ಕ, ಹಾರ್ಡ್ ಡಿಸ್ಕ್ ಅಟ್ಟ. ತಿರುಗುವ ಡಿಸ್ಕಿನಿಂದ ಒಂದು ತುಣುಕು ಹುಡುಕಿ ತರಲು ರ‍್ಯಾಮ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಸಮಯ ಬೇಕು. ಹಾಗಾದರೆ ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಡಬಹುದಲ್ಲ? ಆಗ ಅದು ಬಹಳ ದುಬಾರಿ. 1987ರಲ್ಲಿ ಗ್ರೇ ಮತ್ತು ಸಹೋದ್ಯೋಗಿ ಫ್ರಾಂಕೊ ಪುಟ್ಜೋಲು ಕೂತು ಲೆಕ್ಕ ಹಾಕಿದರು. ಡಿಸ್ಕಿನಿಂದ ಸೆಕೆಂಡಿಗೆ ಒಮ್ಮೆ ಮಾಹಿತಿ ತರುವ ಸಾಮರ್ಥ್ಯಕ್ಕೆ ಸುಮಾರು 2,000 ಡಾಲರ್. ಒಂದು ಕಿಲೋಬೈಟ್ ರ‍್ಯಾಮ್‌ಗೆ ಸುಮಾರು 5 ಡಾಲರ್. ಭಾಗಿಸಿದರೆ 400. ಅಂದರೆ 400 ಸೆಕೆಂಡಿನೊಳಗೆ ಮತ್ತೆ ಬೇಕಾಗುವ ಮಾಹಿತಿಯನ್ನು ರ‍್ಯಾಮ್‌ನಲ್ಲೇ ಇಡುವುದು ಅಗ್ಗ. ಇದೇ ‘ಐದು ನಿಮಿಷದ ನಿಯಮ’ ಎಂದು ಹೆಸರಾಯಿತು.

ಬೆಲೆ ಬದಲಾದಾಗ ಲೆಕ್ಕವನ್ನೂ ಮತ್ತೆ ಮಾಡಬೇಕು ಎಂಬುದು ಗ್ರೇ ಅವರ ಪಟ್ಟು. 1997ರಲ್ಲಿ ಗೊಯೆಟ್ಜ್ ಗ್ರೇಫೆ ಜೊತೆ ಮತ್ತೆ ಮಾಡಿದರು. 2006ರ ಹೊತ್ತಿಗೆ, ಡಿಸ್ಕಿನ ಜಾಗಕ್ಕೆ ಫ್ಲಾಶ್ ಬರುತ್ತದೆ, ಡಿಸ್ಕು ಹಳೆಯ ಟೇಪಿನ ಜಾಗಕ್ಕೆ ಇಳಿಯುತ್ತದೆ ಎಂದು ಹೇಳುತ್ತಿದ್ದರು. ಇಂದು ನಿಮ್ಮ ಫೋನಿನಲ್ಲಿರುವುದು ಫ್ಲಾಶ್.

ರ‍್ಯಾಮ್ ಅಗ್ಗವಾದಂತೆ ಡೇಟಾಬೇಸ್‌ಗಳ ರೂಪವೂ ಬದಲಾಯಿತು. ಈ ಕ್ಷಣದವರೆಗಿನ ಒಟ್ಟು ಮಾರಾಟ ಎಷ್ಟು ಎಂದು ಕೇಳಿದರೆ, ಪ್ರತಿ ಬಿಲ್ಲನ್ನು ಪೂರ್ತಿ ಓದದೆ ಮೊತ್ತದ ಕಾಲಂ ಒಂದನ್ನೇ ರ‍್ಯಾಮ್‌ನಲ್ಲಿ ಓದಿ ಕೂಡುವ ವ್ಯವಸ್ಥೆಗಳು ಬಂದಿವೆ. ದಿನ, ಊರು, ಸರಕು ಹೀಗೆ ಹಲವು ದಿಕ್ಕಿನ ಮೊತ್ತಗಳನ್ನು ಒಂದೇ ಪ್ರಶ್ನೆಯಲ್ಲಿ ಪಡೆಯುವ ‘ಡೇಟಾ ಕ್ಯೂಬ್’ ವಿಧಾನವನ್ನು 1996ರಲ್ಲಿ ಮುಂದಿಟ್ಟ ತಂಡದಲ್ಲೂ ಗ್ರೇ ಇದ್ದರು.

ಕಡಲಿನಲ್ಲಿ ಕೊನೆ

1998ರಲ್ಲಿ ಉಪಗ್ರಹ ಮತ್ತು ವಿಮಾನದಿಂದ ತೆಗೆದ ಭೂಮಿಯ ಚಿತ್ರಗಳನ್ನು ಎಲ್ಲರಿಗೂ ಸಿಗುವಂತೆ ಮಾಡಿದ ‘ಟೆರಾಸರ್ವರ್’ ಕೂಡ ಗ್ರೇ ಅವರ ಕೆಲಸ. 2007ರ ಜನವರಿ 28ರಂದು ತಾಯಿಯ ಚಿತಾಭಸ್ಮವನ್ನು ಕಡಲಿಗೆ ಬಿಡಲು ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಉಪಗ್ರಹ ಚಿತ್ರಗಳನ್ನು ಚೂರು ಚೂರು ಮಾಡಿ ಸಾವಿರಾರು ಸ್ವಯಂಸೇವಕರು ಕಣ್ಣಿಟ್ಟು ಹುಡುಕಿದರು. ದೋಣಿಯೂ ಸಿಗಲಿಲ್ಲ. 2012ರಲ್ಲಿ ನ್ಯಾಯಾಲಯ ಅವರು ತೀರಿಕೊಂಡರೆಂದು ಘೋಷಿಸಿತು.

ಈಗ ನಿಮ್ಮ ಫೋನಿಗೆ ಬನ್ನಿ

ಹತ್ತು ನಿಮಿಷಕ್ಕೊಮ್ಮೆ ತೆರೆಯುವ ಆಪನ್ನು ಪ್ರತಿ ಸಲ ಮುಚ್ಚುವುದು ಎಂದರೆ, ಒಗ್ಗರಣೆ ಹಾಕಿದ ಮೇಲೆ ಸಾಸಿವೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಂತೆ. ಮತ್ತೆ ತೆರೆದಾಗ ಫೋನ್ ಎಲ್ಲವನ್ನೂ ಮೊದಲಿನಿಂದ ತರಬೇಕು. ಸಮಯವೂ ಹೆಚ್ಚು, ಬ್ಯಾಟರಿಯೂ ಹೆಚ್ಚು. ಜಾಗ ಸಾಲದಿದ್ದರೆ ಬಹಳ ಹೊತ್ತಿನಿಂದ ಬಳಸದ ಆಪ್‌ಗಳನ್ನು ಫೋನ್ ತಾನಾಗಿಯೇ ತೆರವು ಮಾಡುತ್ತದೆ.

ಒಂದು ಆಪ್ ಸಿಕ್ಕಿಹಾಕಿಕೊಂಡಿದ್ದರೆ ಅದೊಂದನ್ನು ಮುಚ್ಚಿ, ಸಾಕು. ‘ಕ್ಲೀನರ್’ ಲಿಂಕ್ ಮಾತ್ರ ಒತ್ತಬೇಡಿ. ಫಾರ್ವರ್ಡ್‌ನಲ್ಲಿ ಬಂದ ಗುರುತಿಲ್ಲದ ಆಪ್‌ಗೆ ನಿಮ್ಮ ಫೋನಿನ ಅನುಮತಿಗಳನ್ನು ಕೊಡುವುದು ಅಪಾಯ. ಗ್ರೂಪಿನಲ್ಲಿ ಆ ಸಂದೇಶ ಮತ್ತೆ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.