ಹವಾಯಿಯ ಕೊನೆಯ ರಾಣಿ ಲಿಲಿಯುವೊಕಲಾನಿ

ರಾಜ್ಯಗಳನ್ನು ಗೆದ್ದವರ ಚರಿತ್ರೆ ಲೋಕದಲ್ಲಿ ವಿಪುಲವಾಗಿದೆ. ರಾಜ್ಯವನ್ನು ಕಳೆದುಕೊಂಡ ಮೇಲೆಯೂ ಪ್ರಜೆಗಳ ಹೃದಯದಲ್ಲಿ ಸ್ಥಾನವನ್ನು ಉಳಿಸಿಕೊಂಡವರ ಚರಿತ್ರೆ ವಿರಳ. ಅಂತಹ ವಿರಳರಲ್ಲಿ ಹವಾಯಿ ದ್ವೀಪಗಳ ಕೊನೆಯ ರಾಣಿ ಲಿಲಿಯುವೊಕಲಾನಿ ಒಬ್ಬಳು. ಪೆಸಿಫಿಕ್ ಮಹಾಸಾಗರದ ನಡುವಣ ಈ ದ್ವೀಪಸಮೂಹವನ್ನು 1810ರಲ್ಲಿ ಒಂದನೆಯ ಕಮೆಹಮೆಹ ಅರಸನು ಒಂದೇ ಆಳ್ವಿಕೆಗೆ ತಂದಿದ್ದನು. 1840ರಲ್ಲಿಯೇ ಆ ಪುಟ್ಟ ರಾಜ್ಯವು ಲಿಖಿತ ಸಂವಿಧಾನವನ್ನು ಪಡೆದಿತ್ತು.

ಲಿಲಿಯುವೊಕಲಾನಿಯು 1838ರ ಸೆಪ್ಟೆಂಬರ್ 2ರಂದು ಹೊನೊಲುಲು ನಗರದಲ್ಲಿ ಜನಿಸಿದಳು. ಹುಟ್ಟಿದ ಮಗುವನ್ನು ಮತ್ತೊಂದು ಕುಲೀನ ಮನೆತನಕ್ಕೆ ಸಾಕಲು ಕೊಡುವುದು ಅಲ್ಲಿಯ ನಾಯಕ ವಂಶಗಳ ಸಂಪ್ರದಾಯ. ಅದರಂತೆ ಪಾಕಿ ಮತ್ತು ಕೊನಿಯಾ ದಂಪತಿಗಳು ಆಕೆಯನ್ನು ಬೆಳೆಸಿದರು. ಅವರ ಮಗಳು ಪೌವಾಹಿ ಆಕೆಗೆ ಒಡಹುಟ್ಟಿದ ಅಕ್ಕನಂತೆಯೇ ಇದ್ದಳು. ಮುಂದೆ ಈ ಪೌವಾಹಿಯು ತನ್ನ ಅಪಾರ ಭೂಸಂಪತ್ತನ್ನು ಶಾಲೆಗಳಿಗಾಗಿ ಬಿಟ್ಟುಹೋದಳು. 1887ರಲ್ಲಿ ಆರಂಭವಾದ ಕಮೆಹಮೆಹ ವಿದ್ಯಾಲಯವು ಆಕೆಯ ಮರಣಶಾಸನದ ಫಲ. ಲಿಲಿಯುವೊಕಲಾನಿಯು ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ರಾಜಕುಮಾರರ ಶಾಲೆಯಲ್ಲಿ ಓದಿ ಇಂಗ್ಲಿಷ್ ಭಾಷೆಯನ್ನೂ ಸಂಗೀತವನ್ನೂ ಕಲಿತಳು. 1862ರಲ್ಲಿ ಜಾನ್ ಡೊಮಿನಿಸ್ ಎಂಬವನೊಡನೆ ಆಕೆಯ ವಿವಾಹವಾಯಿತು.

1874ರಲ್ಲಿ ಅಣ್ಣ ಕಲಾಕೌವನು ಅರಸನಾಗಿ ಚುನಾಯಿತನಾದನು. 1877ರಲ್ಲಿ ಕಿರಿಯ ಸಹೋದರನು ತೀರಿಕೊಂಡ ಕಾರಣ ಲಿಲಿಯುವೊಕಲಾನಿಯು ಉತ್ತರಾಧಿಕಾರಿಯಾದಳು. 1881ರಲ್ಲಿ ಅರಸನು ಲೋಕಸಂಚಾರಕ್ಕೆ ತೆರಳಿದಾಗ ರಾಜ್ಯಭಾರವು ಆಕೆಯ ಮೇಲೆ ಬಿದ್ದಿತು. ಅದೇ ಸಮಯದಲ್ಲಿ ಸಿಡುಬು ರೋಗ ಹರಡಿತು. ಸಕ್ಕರೆ ವರ್ತಕರಿಗೆ ಅಪ್ರಿಯವಾದರೂ ಆಕೆ ಬಂದರುಗಳನ್ನು ಮುಚ್ಚಿಸಿ ರೋಗವನ್ನು ತಡೆಯಲು ಶ್ರಮಿಸಿದಳು. ವ್ಯಾಪಾರಕ್ಕಿಂತ ಪ್ರಜೆಗಳ ಪ್ರಾಣ ದೊಡ್ಡದೆಂಬ ನಿಲುವು ಅಂದೇ ವ್ಯಕ್ತವಾಯಿತು.

ಆ ಹೊತ್ತಿಗಾಗಲೇ ಕಬ್ಬಿನ ತೋಟಗಳೂ ವಾಣಿಜ್ಯವೂ ಬಹುಮಟ್ಟಿಗೆ ಅಮೆರಿಕ ಹಾಗೂ ಯೂರೋಪು ಮೂಲದ ಕೆಲವರ ಕೈಸೇರಿದ್ದವು. 1887ರಲ್ಲಿ ಇವರು ಶಸ್ತ್ರಬಲದ ಬೆದರಿಕೆಯಿಂದ ಕಲಾಕೌವನ ಮೇಲೆ ಹೊಸ ಸಂವಿಧಾನವನ್ನು ಹೇರಿದರು. ಅರಸನ ಅಧಿಕಾರ ಕುಗ್ಗಿತು. ಆಸ್ತಿ ಮತ್ತು ಆದಾಯದ ನಿಬಂಧನೆಗಳಿಂದ ಮೂಲನಿವಾಸಿಗಳಲ್ಲಿ ಅನೇಕರು ಮತದಾನದ ಹಕ್ಕನ್ನು ಕಳೆದುಕೊಂಡರು. 1891ರ ಜನವರಿಯಲ್ಲಿ ಅಣ್ಣನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮೃತನಾಗಲು, ಲಿಲಿಯುವೊಕಲಾನಿಯು ಸಿಂಹಾಸನವನ್ನೇರಿದಳು. ಅದೇ ವರ್ಷ ಪತಿಯ ವಿಯೋಗವೂ ಒದಗಿತು.

ಪ್ರಜೆಗಳ ಬೇಡಿಕೆಗೆ ಮನ್ನಣೆಯಿತ್ತು ರಾಣಿಯು ಹೊಸದೊಂದು ಸಂವಿಧಾನವನ್ನು ಜಾರಿಗೆ ತರಲು 1893ರ ಜನವರಿ 14ರಂದು ಮುಂದಾದಳು. ಅದನ್ನೇ ನೆಪವಾಗಿಸಿಕೊಂಡು ವಿರೋಧಿಗಳು ಒಳಸಂಚು ನಡೆಸಿದರು. ಅಮೆರಿಕದ ರಾಯಭಾರಿ ಸ್ಟೀವನ್ಸ್ ಅವರ ಬೆಂಬಲಕ್ಕಿದ್ದನು. ಬಾಸ್ಟನ್ ಎಂಬ ಯುದ್ಧನೌಕೆಯಿಂದ 162 ಮಂದಿ ಸೈನಿಕರು ಹೊನೊಲುಲುವಿನಲ್ಲಿ ಇಳಿದರು. ಜನವರಿ 17ರಂದು ರಾಜಪ್ರಭುತ್ವ ರದ್ದಾಯಿತೆಂದು ಸಾರಲಾಯಿತು. ರಾಣಿಗೆ ಕಾವಲುಪಡೆಯಿತ್ತು, ಪ್ರಾಣಕೊಡಲು ಸಿದ್ಧರಾದ ಪ್ರಜೆಗಳಿದ್ದರು. ಆದರೂ ರಕ್ತಪಾತವಾಗಬಾರದೆಂದು, ತನ್ನ ಪ್ರತಿಭಟನೆಯನ್ನು ಬರಹದಲ್ಲಿ ದಾಖಲಿಸಿ, ಅಮೆರಿಕ ಸರ್ಕಾರವು ನ್ಯಾಯ ನೀಡುವವರೆಗೆ ಮಾತ್ರವೆಂಬ ಷರತ್ತಿನೊಡನೆ ಅಧಿಕಾರವನ್ನು ಬಿಟ್ಟಳು. ಅಧ್ಯಕ್ಷ ಕ್ಲೀವ್‌ಲೆಂಡ್ ವಿಚಾರಣೆ ನಡೆಸಿ, ಆಕೆಗೆ ಅನ್ಯಾಯವಾಗಿದೆಯೆಂದು ಒಪ್ಪಿದನು. ದಂಗೆಕೋರರಿಗೆ ಕ್ಷಮೆ ನೀಡಬೇಕೆಂಬ ಸಲಹೆಗೆ ರಾಣಿ ಮೊದಲು ಹಿಂಜರಿದು, ಕೊನೆಗೆ ಸಮ್ಮತಿಸಿದಳು. ಆದರೆ ಅಧಿಕಾರ ಹಿಡಿದವರು ಅದನ್ನು ಮರಳಿಸಲಿಲ್ಲ.

1895ರ ಜನವರಿಯಲ್ಲಿ ಆಕೆಯ ಅನುಯಾಯಿಗಳು ನಡೆಸಿದ ಬಂಡಾಯವು ವಿಫಲವಾಯಿತು; ರಾಣಿಯೂ ಸೆರೆಯಾದಳು. ಸೆರೆಸಿಕ್ಕವರ ಪ್ರಾಣ ಉಳಿಯಲೆಂದು ಆಕೆ ಸಿಂಹಾಸನ ತ್ಯಾಗದ ಪತ್ರಕ್ಕೆ ಸಹಿಮಾಡಿದಳು. ಸೈನಿಕ ನ್ಯಾಯಮಂಡಲಿಯು ಐದು ವರ್ಷಗಳ ಕಠಿಣ ಶಿಕ್ಷೆಯನ್ನೂ 5,000 ಡಾಲರ್ ದಂಡವನ್ನೂ ವಿಧಿಸಿತು. ಕಠಿಣ ಶಿಕ್ಷೆ ಜಾರಿಯಾಗಲಿಲ್ಲ. ತಾನು ಆಳಿದ ಇಯೊಲಾನಿ ಅರಮನೆಯ ಮೇಲ್ಮಹಡಿಯ ಒಂದು ಕೋಣೆಯಲ್ಲಿಯೇ ಆಕೆ ಸುಮಾರು ಎಂಟು ತಿಂಗಳು ಬಂದಿಯಾಗಿದ್ದಳು. ವಾರ್ತಾಪತ್ರಿಕೆಗಳನ್ನು ಓದಲು ಅನುಮತಿ ಇರಲಿಲ್ಲ. ತೋಟದಿಂದ ಬರುತ್ತಿದ್ದ ಹೂಗಳನ್ನು ಸುತ್ತಿದ್ದ ಪತ್ರಿಕೆಯ ಹಾಳೆಗಳೇ ಹೊರಗಿನ ಸುದ್ದಿಯನ್ನು ತಲುಪಿಸುತ್ತಿದ್ದವು.

ಆ ಏಕಾಂತದಲ್ಲಿಯೂ ಆಕೆ ಕಾಯಕವನ್ನು ಬಿಡಲಿಲ್ಲ. ರೇಷ್ಮೆಯ ತುಂಡುಗಳನ್ನು ಜೋಡಿಸಿ ಕೌದಿಯೊಂದನ್ನು ಹೊಲಿದಳು, ಗೀತೆಗಳನ್ನು ರಚಿಸಿದಳು. ಜಗತ್ತಿನ ಸೃಷ್ಟಿಯನ್ನೂ ರಾಜವಂಶದ ಉಗಮವನ್ನೂ ಹೇಳುವ ಕುಮುಲಿಪೊ ಎಂಬ ಪ್ರಾಚೀನ ಮೌಖಿಕ ಕಾವ್ಯವನ್ನು ಇಂಗ್ಲಿಷಿಗೆ ಅನುವಾದಿಸಲಾರಂಭಿಸಿದಳು. ಅದು 1897ರಲ್ಲಿ ಪ್ರಕಟವಾಯಿತು. ಮರುವರ್ಷ ಆಕೆಯ ಆತ್ಮಕಥೆಯೂ ಹೊರಬಂದಿತು. 1878ರಲ್ಲಿ ಆಕೆ ರಚಿಸಿದ್ದ ಅಲೋಹಾ ಓಯೆ ಎಂಬ ಬೀಳ್ಕೊಡುಗೆಯ ಗೀತೆಯಲ್ಲಿ, ಕಾಲಾಂತರದಲ್ಲಿ ಜನರು ಕಳೆದುಹೋದ ರಾಜ್ಯದ ವಿದಾಯವನ್ನೇ ಕೇಳಿದರು.

ಬಿಡುಗಡೆಯ ನಂತರ ಆಕೆ ವಾಷಿಂಗ್ಟನ್ನಿಗೆ ತೆರಳಿ ನ್ಯಾಯಕ್ಕಾಗಿ ಮೊರೆಯಿಟ್ಟಳು. 1897ರಲ್ಲಿ 21,000ಕ್ಕೂ ಹೆಚ್ಚು ದ್ವೀಪವಾಸಿಗಳು ವಿಲೀನವನ್ನು ವಿರೋಧಿಸಿ ಸಹಿಮಾಡಿದ ಮನವಿಯೂ ಅಲ್ಲಿಗೆ ತಲುಪಿತು. ವಿಲೀನದ ಒಪ್ಪಂದಕ್ಕೆ ಸೆನೆಟ್ ಸಭೆಯಲ್ಲಿ ಸಾಕಷ್ಟು ಬೆಂಬಲ ದೊರೆಯಲಿಲ್ಲ. ಆದರೆ ಸ್ಪೇನಿನೊಡನೆ ಯುದ್ಧ ನಡೆಯುತ್ತಿದ್ದಾಗ, 1898ರಲ್ಲಿ, ಕೇವಲ ಒಂದು ನಿರ್ಣಯದ ಮೂಲಕ ಹವಾಯಿಯನ್ನು ಅಮೆರಿಕಕ್ಕೆ ಸೇರಿಸಿಕೊಳ್ಳಲಾಯಿತು.

ಅರಮನೆ ಹೋಯಿತು, ಸಿಂಹಾಸನದ ಭೂಮಿಯೂ ಹೋಯಿತು. ಉಳಿದ ಸ್ವಂತ ಆಸ್ತಿಯನ್ನು ಸ್ವತಃ ಸಂತಾನವಿಲ್ಲದ ಈ ರಾಣಿಯು 1909ರಲ್ಲಿ ನ್ಯಾಸಪತ್ರದ ಮೂಲಕ ದ್ವೀಪಗಳ ಅನಾಥ ಮಕ್ಕಳಿಗೆ ಮೀಸಲಿಟ್ಟಳು. 1917ರ ನವೆಂಬರ್ 11ರಂದು, ತನ್ನ 79ನೆಯ ವಯಸ್ಸಿನಲ್ಲಿ, ಹೊನೊಲುಲುವಿನ ತನ್ನ ನಿವಾಸದಲ್ಲಿ ಆಕೆ ಕಣ್ಮುಚ್ಚಿದಳು. ರಾಜ್ಯಹರಣದ ನೂರನೆಯ ವರ್ಷವಾದ 1993ರಲ್ಲಿ ಅಮೆರಿಕದ ಸಂಸತ್ತು ಆ ಕೃತ್ಯಕ್ಕಾಗಿ ಮೂಲನಿವಾಸಿಗಳ ಕ್ಷಮೆ ಯಾಚಿಸಿತು. ರಾಜ್ಯ ಮಾತ್ರ ಮರಳಲಿಲ್ಲ.

ಕಸಿದುಕೊಳ್ಳಬಹುದಾದುದೆಲ್ಲವನ್ನೂ ಲಿಲಿಯುವೊಕಲಾನಿಯಿಂದ ಕಸಿದುಕೊಳ್ಳಲಾಯಿತು. ಆದರೆ ಆಕೆ ತಾನಾಗಿ ಕೊಟ್ಟುದು ಯಾರ ಕೈಗೂ ಸಿಕ್ಕದೆ ಉಳಿಯಿತು. ಆ ಗೀತೆಗಳು ಇಂದಿಗೂ ಹವಾಯಿಯ ಜನರ ಕಂಠದಲ್ಲಿವೆ, ಆ ನ್ಯಾಸವು ಇಂದಿಗೂ ಮಕ್ಕಳನ್ನು ಪೊರೆಯುತ್ತಿದೆ. ದೊರೆತನಕ್ಕಿಂತ ತಾಯ್ತನ ಹಿರಿದೆಂಬುದಕ್ಕೆ ಈ ರಾಣಿಯ ಬಾಳೇ ಸಾಕ್ಷಿ.