ಅನಾಥ ಮಕ್ಕಳ ತಂದೆ ಪೆಸ್ಟಾಲಜಿ

ನಮ್ಮ ಶಾಲೆಯ ಒಂದನೆಯ ಇಯತ್ತೆಯಲ್ಲಿ ಪುಟ್ಟ ಮಕ್ಕಳು ಹುಣಿಸೆಬೀಜಗಳನ್ನು ಹರಡಿಕೊಂಡು ಎಣಿಕೆ ಕಲಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲು ಬೀಜ, ಆಮೇಲೆ ಅಂಕಿ. ಈ ಕ್ರಮವು ನಮಗೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ, ಇದಕ್ಕಾಗಿ ಯಾರಾದರೂ ಹೋರಾಡಿರಬಹುದೆಂಬ ಯೋಚನೆಯೇ ಬರುವುದಿಲ್ಲ. ಯುರೋಪಿನ ಶಾಲೆಗಳಲ್ಲಿ ಇದಕ್ಕಾಗಿ ಹೋರಾಡಿದವರಲ್ಲಿ ಮುಖ್ಯನಾದವನು ಸ್ವಿಟ್ಜರ್ಲೆಂಡಿನ ಯೋಹಾನ್ ಹೈನ್ರಿಕ್ ಪೆಸ್ಟಾಲಜಿ. ಆತನ ಬೋಧನಪದ್ಧತಿಯನ್ನು ಶಿಕ್ಷಕರು ತಮ್ಮ ತರಬೇತಿಯಲ್ಲಿ ಓದಿರುತ್ತಾರೆ. ಅದನ್ನು ಇಲ್ಲಿ ವಿವರಿಸುವುದು ನಮ್ಮ ಉದ್ದೇಶವಲ್ಲ. ಆ ಪದ್ಧತಿಯು ಗಟ್ಟಿಗೊಂಡದ್ದು ಯುದ್ಧದಲ್ಲಿ ಮನೆಮಠಗಳನ್ನು ಕಳೆದುಕೊಂಡ ಮಕ್ಕಳ ನಡುವೆ. ಆ ಸಂಗತಿಯನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ ತಿಳಿಸಬೇಕೆಂದು ಈ ಲೇಖನ.

ಪೆಸ್ಟಾಲಜಿಯು 1746ನೆಯ ಇಸವಿ ಜನವರಿ 12ರಂದು ಜೂರಿಕ್ ನಗರದಲ್ಲಿ ಹುಟ್ಟಿದನು. ಶಸ್ತ್ರವೈದ್ಯನಾಗಿದ್ದ ತಂದೆಯು ಮಗನಿಗೆ ಐದು ವರ್ಷವಾದಾಗಲೇ ತೀರಿಕೊಂಡನು. ಸಾಯುವ ಗಳಿಗೆಯಲ್ಲಿ ಆತನು ಮನೆಯ ಕೆಲಸದವಳಾದ ಬಾಬೆಲಿಯನ್ನು ಕರೆದು, ತನ್ನ ಹೆಂಡತಿಮಕ್ಕಳನ್ನು ಕೈಬಿಡಬಾರದೆಂದು ಬೇಡಿಕೊಂಡನಂತೆ. ಅವಳು ಕೊಟ್ಟ ಮಾತಿನಂತೆ ಬಾಳಿನ ಕೊನೆಯವರೆಗೂ ಆ ಮನೆಯನ್ನು ಬಿಡಲಿಲ್ಲ. ಮಕ್ಕಳು ಬೀದಿಯಲ್ಲಿ ಆಡಿದರೆ ಬಟ್ಟೆಯೂ ಬೂಟೂ ಸವೆದಾವೆಂದು ಅವರನ್ನು ಒಳಗೇ ಇರಿಸಿ, ಕಾಸಿಗೆ ಕಾಸು ಕೂಡಿಸಿ ಸಂಸಾರದ ಮಾನ ಕಾಪಾಡಿದಳು. ಹೀಗೆ ಹೆಂಗಸರ ನಡುವೆಯೇ ಬೆಳೆದ ಹುಡುಗನು ಆಟಪಾಟಗಳಲ್ಲಿ ಮೊದ್ದನಾಗಿ ಜೊತೆಯವರ ನಗೆಗೀಡಾದನು. ಅಜ್ಜನು ಹತ್ತಿರದ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದನು. ರಜೆಯಲ್ಲಿ ಅಜ್ಜನ ಬೆನ್ನುಹತ್ತಿ ಬಡವರ ಗುಡಿಸಲುಗಳನ್ನು ಹೊಕ್ಕುಬಂದ ಹುಡುಗನಿಗೆ, ಅಲ್ಲಿ ಕಂಡ ಮಕ್ಕಳ ಮುಖಗಳು ಕೊನೆಯವರೆಗೂ ಮರೆಯಲಿಲ್ಲ.

ಧರ್ಮಶಾಸ್ತ್ರ, ನ್ಯಾಯಶಾಸ್ತ್ರಗಳನ್ನು ಓದತೊಡಗಿ ನಡುವೆಯೇ ಬಿಟ್ಟು, ಕಡೆಗೆ ಆತನು ಬೇಸಾಯಕ್ಕೆ ಕೈಹಾಕಿದನು. 1769ರಲ್ಲಿ ಅನ್ನಾ ಶುಲ್ಟೆಸ್ ಎಂಬ ಸಿರಿವಂತ ವರ್ತಕನ ಮಗಳನ್ನು ಮದುವೆಯಾಗಿ, ಬಿರ್ ಎಂಬ ಹಳ್ಳಿಯ ಹತ್ತಿರ ಬರಡುಭೂಮಿಯನ್ನು ಕೊಂಡು, ನಾಯ್‌ಹಾಫ್ ಎಂಬ ಮನೆ ಕಟ್ಟಿಸಿದನು. ಬೇಸಾಯವು ಕೈಗೂಡಲಿಲ್ಲ. ತನಗೇ ಉಣಲಿಕ್ಕೆ ಕಷ್ಟವಾದ ಕಾಲದಲ್ಲಿ, 1774ರಲ್ಲಿ, ಆತನು ಭಿಕ್ಷೆ ಬೇಡುತ್ತಿದ್ದ ಬಡ ಮಕ್ಕಳನ್ನು ಮನೆಗೆ ಕರೆತಂದನು. ಮಕ್ಕಳು ಹತ್ತಿ ನೂಲುತ್ತ, ನೇಯುತ್ತ, ಕೈಗಳು ದುಡಿಯುತ್ತಿರುವಾಗಲೇ ಬಾಯಿಂದ ಪಾಠ ಕಲಿಯಬೇಕು; ಅವರ ದುಡಿಮೆಯಿಂದಲೇ ಅವರ ಖರ್ಚು ಸಾಗಬೇಕು. ಇದು ಆತನ ಯೋಜನೆ. ಮಕ್ಕಳ ಸಂಖ್ಯೆ ಮೂವತ್ತನ್ನು ದಾಟಿತು. ಆದರೆ ಎಳೆಯ ಕೈಗಳು ನೂತ ನೂಲು ಪೇಟೆಯಲ್ಲಿ ಬೆಲೆಬಾಳಲಿಲ್ಲ. ತಂದೆತಾಯಿಗಳು ಬಂದು, ಮಗುವಿನ ಮೈಮೇಲೆ ಹೊಸ ಬಟ್ಟೆ ಬಿದ್ದೊಡನೆ ಅದನ್ನು ಕರೆದೊಯ್ದರು. 1780ರಲ್ಲಿ ಆಶ್ರಮವು ಮುಚ್ಚಿತು. ಅನ್ನಾ ತವರಿನಿಂದ ತಂದ ಹಣವೂ ಕರಗಿಹೋಗಿತ್ತು. ಮಕ್ಕಳು ತಮ್ಮ ಅನ್ನವನ್ನು ತಾವೇ ದುಡಿದು ಪಡೆಯಲೆಂದು ಬಯಸಿದ್ದು ಪೆಸ್ಟಾಲಜಿಯ ದೊಡ್ಡ ತಪ್ಪೆಂದು ನಮ್ಮ ಅಭಿಪ್ರಾಯ. ಆತನ ಅಂತಃಕರಣವು ಎಷ್ಟೇ ಶುದ್ಧವಾಗಿದ್ದರೂ ಲೆಕ್ಕವು ಲೆಕ್ಕವೇ.

ಮುಂದಿನ ಹದಿನೆಂಟು ವರ್ಷ ಆತನು ಬರೆಹದಿಂದ ಹೊಟ್ಟೆ ಹೊರೆದನು. ಹಳ್ಳಿಯ ತಾಯಿಯೊಬ್ಬಳು ತನ್ನ ಮಕ್ಕಳನ್ನು ಮನೆಯಲ್ಲಿಯೇ ತಿದ್ದಿ ಬೆಳೆಯಿಸುವ ಕಥೆಯಾದ ‘ಲಿಯೊನಾರ್ಡ್ ಮತ್ತು ಗೆರ್ಟ್ರೂಡ್’ 1781ರಲ್ಲಿ ಹೊರಬಂದು ಆತನಿಗೆ ಹೆಸರು ತಂದಿತು. ಹೆಸರು ಬಂದಿತು, ಮಕ್ಕಳು ಬರಲಿಲ್ಲ.

1798ರಲ್ಲಿ ಫ್ರೆಂಚ್ ಸೈನ್ಯಗಳು ಸ್ವಿಟ್ಜರ್ಲೆಂಡನ್ನು ಹೊಕ್ಕವು. ಅವುಗಳ ಬೆಂಬಲದಿಂದ ಹೊಸ ಸರಕಾರವೊಂದು ಏರ್ಪಟ್ಟಿತು. ಬೆಟ್ಟಗಳ ನಡುವಿನ ನಿಡ್‌ವಾಲ್ಡನ್ ಪ್ರಾಂತದ ಜನರು ಮಾತ್ರ ಹೊಸ ಸಂವಿಧಾನಕ್ಕೆ ಪ್ರತಿಜ್ಞೆ ಮಾಡಲು ಒಪ್ಪಲಿಲ್ಲ. ಸೆಪ್ಟೆಂಬರ್ 9ರಂದು ಫ್ರೆಂಚ್ ದಂಡು ಅವರ ಮೇಲೆ ಬಿದ್ದಿತು. ಒಂದೇ ದಿನದಲ್ಲಿ ಸುಮಾರು 400 ಜನ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಮನೆಗಳು ಸುಟ್ಟು ಬೂದಿಯಾದವು. ಚಳಿಗಾಲದ ಬಾಗಿಲಲ್ಲಿ ನೂರಾರು ಮಕ್ಕಳು ದಿಕ್ಕಿಲ್ಲದವರಾದರು. ಸರಕಾರವು ಸ್ಟಾನ್ಸ್ ಪಟ್ಟಣದ ಸಂನ್ಯಾಸಿನಿಯರ ಮಠದ ಒಂದು ಭಾಗದಲ್ಲಿ ಅನಾಥಾಲಯವನ್ನು ತೆರೆಯಲು ನಿಶ್ಚಯಿಸಿ, ಪೆಸ್ಟಾಲಜಿಯನ್ನು ಕಳುಹಿಸಿತು. ಆಗ ಆತನಿಗೆ ಐವತ್ತಮೂರನೆಯ ವರ್ಷ.

ಆತನ ಅವಸ್ಥೆಯನ್ನು ಊಹಿಸಿಕೊಳ್ಳಿರಿ. ತಂದೆತಾಯಿಗಳನ್ನು ಕೊಂದ ದಂಡಿನ ಬೆಂಬಲದಿಂದ ನಿಂತ ಸರಕಾರ. ಆ ಸರಕಾರದ ಮನುಷ್ಯನೇ ಮಕ್ಕಳನ್ನು ಸಾಕಲು ಬಂದಿದ್ದಾನೆ. ಊರೆಲ್ಲ ಕ್ಯಾಥೊಲಿಕ್, ಈತನು ಪ್ರೊಟೆಸ್ಟಂಟ್. ಊರಿನವರು ಆತನನ್ನು ಶತ್ರುವೆಂದೇ ಬಗೆದರು. 1799ರ ಜನವರಿಯಲ್ಲಿ ಮಕ್ಕಳು ಬರತೊಡಗಿದಾಗ ಅಡಿಗೆಮನೆ ಸಿದ್ಧವಾಗಿರಲಿಲ್ಲ, ಹಾಸಿಗೆಗಳು ಬಂದಿರಲಿಲ್ಲ, ಗೋಡೆಗಳ ಕೆಲಸ ಮುಗಿಯದೆ ಎಲ್ಲೆಲ್ಲಿಯೂ ಧೂಳು. ಬಂದ ಮಕ್ಕಳಲ್ಲಿ ಹಲವರಿಗೆ ಮೈತುಂಬ ಕಜ್ಜಿ, ತಲೆಯಲ್ಲಿ ಹುಣ್ಣು, ಹೇನು. ಕೆಲವರು ಎಲುಬಿನ ಗೂಡುಗಳಂತಿದ್ದರು. ಬೇಡಿ ತಿಂದು ರೂಢಿಯಾಗಿ ಸುಳ್ಳಿಗೂ ಮೋಸಕ್ಕೂ ಹೇಸದವರು ಕೆಲವರು. ಹೆದರಿ ಮೂಕರಾದವರು ಇನ್ನು ಕೆಲವರು. ಹತ್ತರಲ್ಲಿ ಒಬ್ಬನಿಗೂ ಸರಿಯಾಗಿ ಅಕ್ಷರ ಬಾರದು. ಮುಂದೆ ಅವರ ಸಂಖ್ಯೆ 80ರ ವರೆಗೆ ಏರಿತು. ಆತನ ಸಹಾಯಕ್ಕಿದ್ದವಳು ಮನೆಗೆಲಸದ ಹೆಂಗಸೊಬ್ಬಳು ಮಾತ್ರ.

ಆತನು ಮೊದಲು ಪಾಠವನ್ನು ಆರಂಭಿಸಲಿಲ್ಲ. ಮಕ್ಕಳನ್ನು ತೊಳೆದನು, ಹುಣ್ಣುಗಳಿಗೆ ಆರೈಕೆ ಮಾಡಿದನು, ಅವರೊಡನೆ ಉಂಡನು, ಅವರ ನಡುವೆಯೇ ಮಲಗಿದನು. ರಾತ್ರಿ ಎಲ್ಲರಿಗಿಂತ ಕೊನೆಗೆ ಹಾಸಿಗೆಗೆ ಹೋಗುವವನೂ ಬೆಳಿಗ್ಗೆ ಮೊದಲು ಏಳುವವನೂ ಆತನೇ. ಮಕ್ಕಳಿಗೆ ನಿದ್ದೆ ಹತ್ತುವವರೆಗೆ ಕತ್ತಲೆಯಲ್ಲಿಯೇ ಮಾತನಾಡುತ್ತ, ಪ್ರಾರ್ಥನೆ ಹೇಳಿಸುತ್ತ, ಏನಾದರೊಂದು ಕಲಿಸುತ್ತಿದ್ದನು. ಸಿಟ್ಟು ಬಂದಾಗ ಕೆನ್ನೆಗೆ ಹೊಡೆದದ್ದೂ ಉಂಟು. ಅದನ್ನು ಆತನು ಮುಚ್ಚಿಡಲಿಲ್ಲ. ಮಕ್ಕಳು ತನ್ನ ಹೊಡೆತದಲ್ಲಿಯೂ ಪ್ರೀತಿಯನ್ನೇ ಕಂಡರೆಂದು ಆತನು ನಂಬಿದ್ದನು. ನಮಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಒಬ್ಬನೇ ಶಿಕ್ಷಕ, ಎಂಬತ್ತು ಮಕ್ಕಳು. ಈ ಕೊರತೆಯೇ ಹೊಸ ದಾರಿಯನ್ನು ತೋರಿಸಿತು. ಸ್ವಲ್ಪ ಬಲ್ಲ ಮಗುವನ್ನು ಏನೂ ಅರಿಯದ ಇಬ್ಬರು ಚಿಕ್ಕವರ ನಡುವೆ ಕೂಡಿಸುವನು. ಅದು ಎರಡೂ ಕೈಗಳಿಂದ ಇಬ್ಬರ ಹೆಗಲನ್ನು ಬಳಸಿಕೊಂಡು, ತನಗೆ ಬಂದಷ್ಟನ್ನು ಅವರಿಗೆ ಹೇಳಿಕೊಡುವುದು. ಎಲ್ಲರೂ ಕೂಡಿ ಒಂದೇ ದನಿಯಲ್ಲಿ ಹೇಳುವಾಗ ಕೈಗಳು ಚಿತ್ರ ಬರೆಯುತ್ತಲೋ ಕೆಲಸ ಮಾಡುತ್ತಲೋ ಇರುವುವು. ಪುಸ್ತಕಗಳ ಬದಲು ಸುತ್ತಲಿನ ವಸ್ತುಗಳೇ ಪಾಠಗಳಾದುವು. ಬೇಸಗೆಯ ಹೊತ್ತಿಗೆ, ಕೆಲವು ತಿಂಗಳ ಹಿಂದೆ ಒಂದು ತುಂಡು ರೊಟ್ಟಿಗಾಗಿ ಕಚ್ಚಾಡುತ್ತಿದ್ದ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರಂತಾಗಿದ್ದರು.

ಅದಕ್ಕೆ ಒಂದು ಪರೀಕ್ಷೆಯೂ ನಡೆಯಿತು. ಆ ವರ್ಷದ ಏಪ್ರಿಲಿನಲ್ಲಿ ನೆರೆಯ ಆಲ್ಟ್‌ಡಾರ್ಫ್ ಪಟ್ಟಣವು ಬೆಂಕಿಗೆ ತುತ್ತಾಯಿತು. ಪೆಸ್ಟಾಲಜಿಯು ಮಕ್ಕಳನ್ನು ಸುತ್ತಲೂ ಕೂಡಿಸಿಕೊಂಡು, ಅಲ್ಲಿ ನೂರಾರು ಮಕ್ಕಳು ಮನೆ, ಅನ್ನ, ಬಟ್ಟೆಗಳಿಲ್ಲದೆ ನಿಂತಿರಬಹುದೆಂದೂ, ಅವರಲ್ಲಿ ಇಪ್ಪತ್ತು ಜನರನ್ನು ಇಲ್ಲಿಗೆ ಕರೆತರಲು ಸರಕಾರವನ್ನು ಕೇಳೋಣವೇ ಎಂದೂ ವಿಚಾರಿಸಿದನು. ಮಕ್ಕಳು ಉತ್ಸಾಹದಿಂದ ಒಪ್ಪಿದರು. ಆತನು ಅಷ್ಟಕ್ಕೇ ಬಿಡಲಿಲ್ಲ. ಹಣವು ಹೆಚ್ಚುವುದಿಲ್ಲ, ಅವರು ಬಂದರೆ ನಿಮ್ಮ ಊಟ ಕಡಿಮೆಯಾಗುವುದು, ಕೆಲಸ ಹೆಚ್ಚಾಗುವುದು, ಬಟ್ಟೆಗಳನ್ನೂ ಹಂಚಿಕೊಳ್ಳಬೇಕಾಗುವುದು ಎಂದು ಕಷ್ಟಗಳನ್ನೆಲ್ಲ ಬಿಡಿಸಿ ಹೇಳಿ, ಮತ್ತೆ ಕೇಳಿದನು. ಆದರೂ ಅವರು ಬರಲೆಂದೇ ಹೇಳಿದರು. ತಾವೇ ನಿರಾಶ್ರಿತರಾಗಿ ಬಂದು ಮೂರು ತಿಂಗಳಾಗಿದ್ದ ಮಕ್ಕಳು ಅವರು. ಪೆಸ್ಟಾಲಜಿಯ ಪದ್ಧತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ನಾವು ಬೇಡುವುದಿಲ್ಲ.

ಆದರೆ ಯುದ್ಧವು ಮತ್ತೆ ಬಂದಿತು. ಜೂನ್ ತಿಂಗಳಲ್ಲಿ ಫ್ರೆಂಚ್ ಸೈನ್ಯಕ್ಕೆ ಆಸ್ಪತ್ರೆ ಬೇಕಾಗಿ, ಅನಾಥಾಲಯದ ಕಟ್ಟಡವನ್ನು ಬಿಟ್ಟುಕೊಡಬೇಕಾಯಿತು. ಬಹುಮಟ್ಟಿನ ಮಕ್ಕಳನ್ನು ಕಳುಹಿಸಿಕೊಟ್ಟು, ರಕ್ತ ಕಾರುವಷ್ಟು ಬಳಲಿದ್ದ ಪೆಸ್ಟಾಲಜಿಯು ವಿಶ್ರಾಂತಿಗಾಗಿ ಬೆಟ್ಟದ ಮೇಲಿನ ಊರೊಂದಕ್ಕೆ ಹೋದನು. ಸ್ಟಾನ್ಸ್‌ಗೆ ಆತನನ್ನು ಮತ್ತೆ ಯಾರೂ ಕರೆಯಲಿಲ್ಲ. ಒಟ್ಟು ನಡೆದದ್ದು ಐದು ತಿಂಗಳು.

ಆ ವರ್ಷವೇ ಆತನು ಬುರ್ಗ್‌ಡಾರ್ಫ್ ಪಟ್ಟಣದಲ್ಲಿ ಬಡವರ ಶಾಲೆಯಲ್ಲಿ ಕಲಿಸಲು ನಿಂತನು. ಆ ಶಾಲೆಯ ಶಿಕ್ಷಕನು ವೃತ್ತಿಯಿಂದ ಚಮ್ಮಾರ. ಹೊಸಬನ ರೀತಿಯು ಅವನಿಗೂ ತಂದೆತಾಯಿಗಳಿಗೂ ಹಿಡಿಸದೆ, ಆತನನ್ನು ಅಲ್ಲಿಂದ ಬಿಡಿಸಿ ಎಳೆಯ ಮಕ್ಕಳ ಶಾಲೆಗೆ ಹಾಕಿದರು. 1800ರ ಜನವರಿಯಲ್ಲಿ ಹೆರ್ಮನ್ ಕ್ರೂಸಿ ಎಂಬ ತರುಣ ಶಿಕ್ಷಕನು, ಯುದ್ಧದಿಂದ ಬರಗೆಟ್ಟ ಆಪೆನ್‌ಜೆಲ್ ಸೀಮೆಯಿಂದ ಇಪ್ಪತ್ತೈದಕ್ಕೂ ಹೆಚ್ಚು ಬಡ ಮಕ್ಕಳನ್ನು ಕರೆದುಕೊಂಡು ಬುರ್ಗ್‌ಡಾರ್ಫ್‌ಗೆ ಬಂದನು. ಊರಿನ ಮನೆಗಳು ಅವರಿಗೆ ಆಶ್ರಯ ಕೊಟ್ಟವು. ಕ್ರೂಸಿಯು ಪೆಸ್ಟಾಲಜಿಯೊಡನೆ ಸೇರಿದನು. ಅಲ್ಲಿಯ ಕೋಟೆಯಲ್ಲಿ ಪ್ರಸಿದ್ಧವಾದ ವಿದ್ಯಾಲಯವು ಹುಟ್ಟಿತು.

1805ರಿಂದ ಅದು ಇವೆರ್ಡಾನ್ ಪಟ್ಟಣದಲ್ಲಿ ನಡೆಯಿತು. ದೇಶದೇಶಗಳಿಂದ ನೋಡುವವರು ಬಂದರು. ಪ್ರಶಿಯದ ಸರಕಾರವು ತನ್ನ ಶಿಕ್ಷಕರನ್ನು ಕಲಿಯಲು ಕಳುಹಿಸಿತು. ಮುಂದೆ ಕಿಂಡರ್‌ಗಾರ್ಟನನ್ನು ಸ್ಥಾಪಿಸಿದ ಫ್ರೋಬೆಲನೂ ಅಲ್ಲಿದ್ದು ಕಲಿತನು. ಆದರೆ ಅಲ್ಲಿ ತುಂಬಿದವರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಮುದುಕನ ಮನಸ್ಸು ಬಡಮಕ್ಕಳಿಗಾಗಿ ಹಂಬಲಿಸುತ್ತಲೇ ಇತ್ತು. ತನ್ನ ಗ್ರಂಥಗಳಿಂದ ಬರಬಹುದಾದ ಹಣವನ್ನು ನಂಬಿ 1818ರಲ್ಲಿ ಕ್ಲಿಂಡಿ ಎಂಬಲ್ಲಿ ಅವರಿಗಾಗಿ ಶಾಲೆ ತೆರೆದನು. ಅದೂ ಬಹುಕಾಲ ನಿಲ್ಲಲಿಲ್ಲ. ಸಹಾಯಕ ಶಿಕ್ಷಕರ ಜಗಳಗಳು ಹೆಚ್ಚಿ 1825ರಲ್ಲಿ ಇವೆರ್ಡಾನಿನ ವಿದ್ಯಾಲಯವೂ ಮುಚ್ಚಿತು. ಪೆಸ್ಟಾಲಜಿಯು ನಾಯ್‌ಹಾಫ್‌ಗೆ ಹಿಂದಿರುಗಿ, 1827ರ ಫೆಬ್ರುವರಿ 17ರಂದು ತೀರಿಕೊಂಡನು. ಬಿರ್ ಹಳ್ಳಿಯ ಶಾಲೆಯ ಮಗ್ಗುಲಲ್ಲಿ ಆತನನ್ನು ಮಣ್ಣುಮಾಡಿದರು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1946ರಲ್ಲಿ, ಯುರೋಪಿನ ಅನಾಥ ಮಕ್ಕಳಿಗಾಗಿ ಟ್ರೋಗನ್ ಎಂಬಲ್ಲಿ ಮಕ್ಕಳ ಹಳ್ಳಿಯೊಂದನ್ನು ಕಟ್ಟಿ ಅದಕ್ಕೆ ಪೆಸ್ಟಾಲಜಿಯ ಹೆಸರಿಟ್ಟರು. ಟ್ರೋಗನ್ ಇರುವುದು ಕ್ರೂಸಿಯು ಮಕ್ಕಳನ್ನು ಕರೆದುಕೊಂಡು ಹೊರಟ ಅದೇ ಆಪೆನ್‌ಜೆಲ್ ಸೀಮೆಯಲ್ಲಿ. 1960ರಲ್ಲಿ, ಟಿಬೆಟನ್ನು ಬಿಟ್ಟು ನಮ್ಮ ದೇಶಕ್ಕೆ ಬಂದ ನಿರಾಶ್ರಿತರ ಮಕ್ಕಳ ತಂಡವೊಂದು ಹಿಮಾಲಯದ ತಪ್ಪಲಿನಿಂದ ಆ ಹಳ್ಳಿಗೆ ಹೋಗಿ ಸೇರಿತು.